ಕಲಿಕಾ ಗುರಿಗಳನ್ನು ತಿಳಿಸುವುದು (ಕಾಲೇಜು ಶಿಕ್ಷಣ)

ಕಲಿಕಾ ಗುರಿಗಳನ್ನು ತಿಳಿಸುವುದು ಎಂದರೆ, ಒಂದು ಕೋರ್ಸ್ ಮುಗಿಯುವ ಹೊತ್ತಿಗೆ ವಿದ್ಯಾರ್ಥಿಗಳು ಏನೇನು ಮಾಡಬಲ್ಲವರಾಗಿರಬೇಕು ಎಂಬುದನ್ನು ಅಧ್ಯಾಪಕರು ಮೊದಲೇ ಬರೆದುಕೊಂಡು, ಸೆಮಿಸ್ಟರಿನ ಆರಂಭದಲ್ಲೂ ನಡುನಡುವೆಯೂ ತರಗತಿಯ ಮುಂದಿಟ್ಟು, ಪಾಠ, ಅಭ್ಯಾಸ, ಪರೀಕ್ಷೆಗಳನ್ನು ಅದಕ್ಕೆ ಹೊಂದಿಸಿ ನಡೆಸುವ ಬೋಧನಾ ಕ್ರಮ. ಪಠ್ಯಕ್ರಮದ ಹಾಳೆಯಲ್ಲಿ ಗುರಿಗಳು ಅಚ್ಚಾಗಿದ್ದರೆ ಈ ಕ್ರಮ ಪಾಲನೆಯಾಯಿತೆಂದು ಹೇಳಲಾಗದು. ಗುರಿ ವಿದ್ಯಾರ್ಥಿಯನ್ನು ತಲುಪಬೇಕು, ತಲುಪಿದ್ದು ಅರ್ಥವಾಗಬೇಕು, ಅರ್ಥವಾದದ್ದನ್ನು ಇಟ್ಟುಕೊಂಡು ತಾನು ಎಲ್ಲಿಗೆ ಬಂದಿದ್ದೇನೆಂದು ವಿದ್ಯಾರ್ಥಿ ನೋಡಿಕೊಳ್ಳುವಂತಿರಬೇಕು.

ಕರ್ನಾಟಕದ ಕಾಲೇಜುಗಳಲ್ಲಿ ಈ ಕ್ರಮ ನೆಲೆಗೊಂಡ ಬಗೆಯನ್ನು ಈ ಲೇಖನ ವಿವರಿಸುತ್ತದೆ. ಶಿವಮೊಗ್ಗ ನಗರದ ಮತ್ತು ಭದ್ರಾವತಿಯ ಸಂಸ್ಥೆಗಳನ್ನು ಉದಾಹರಣೆಗೆ ತೆಗೆದುಕೊಳ್ಳಲಾಗಿದೆ. ಎಂಜಿನಿಯರಿಂಗ್, ಕೃಷಿ, ಡಿಪ್ಲೊಮಾ, ಸಾಮಾನ್ಯ ಪದವಿ, ವೈದ್ಯಕೀಯ ಎಂಬ ಐದು ಬಗೆಯ ಶಿಕ್ಷಣವೂ ಈ ಭಾಗದಲ್ಲಿ ನಡೆಯುತ್ತಿದ್ದು, ಒಂದೊಂದೂ ಬೇರೆ ಬೇರೆ ನಿಯಂತ್ರಣ ಸಂಸ್ಥೆಯ ಕೆಳಗಿದೆ. ಹಾಗಾಗಿ ಒಂದೇ ಕ್ರಮ ಐದು ರೂಪ ತಾಳಿರುವುದನ್ನು ಇಲ್ಲಿ ನೋಡಬಹುದು.

ಪರಿಭಾಷೆ

ಗುರಿ, ಧ್ಯೇಯ, ಉದ್ದೇಶ, ಫಲ, ಫಲಿತ, ಫಲಿತಾಂಶ ಎಂಬ ಪದಗಳು ಈ ವಿಷಯದಲ್ಲಿ ಒಂದರೊಳಗೊಂದು ಬೆರೆತಿವೆ. ಈ ಲೇಖನದಲ್ಲಿ ‘ಉದ್ದೇಶ’ ಎಂಬುದು ಕಲಿಸುವವರ ಕಡೆಯ ಮಾತು: ಕೋರ್ಸು ಏನನ್ನು ಕಲಿಸಹೊರಟಿದೆ ಎಂಬುದು. ‘ಫಲಿತ’ ಕಲಿಯುವವರ ಕಡೆಯ ಮಾತು: ಕೋರ್ಸು ಮುಗಿದ ಮೇಲೆ ವಿದ್ಯಾರ್ಥಿಯ ಕೈಯಲ್ಲಿ ಏನು ಆಗುತ್ತದೆ ಎಂಬುದು. ಎರಡನ್ನೂ ಒಳಗೊಂಡು ಹೇಳುವಾಗ ‘ಗುರಿ’ ಎಂದಿದೆ. ‘ಫಲಿತಾಂಶ’ವನ್ನು ಬೇಕೆಂದೇ ಬಿಡಲಾಗಿದೆ, ಎಸ್‌ಎಸ್‌ಎಲ್‌ಸಿ, ಪಿಯುಸಿಗಳ ಕಾರಣದಿಂದ ಆ ಪದ ಕನ್ನಡದಲ್ಲಿ ಅಂಕಪಟ್ಟಿಗೇ ಅಂಟಿಕೊಂಡಿದೆ. ಶಾಲಾ ಶಿಕ್ಷಣದಲ್ಲಿ ‘ಕಲಿಕಾ ಫಲ’ ಎಂಬುದು ರೂಢಿ. 2017ರಲ್ಲಿ ಎನ್‌ಸಿಇಆರ್‌ಟಿ ಪ್ರಾಥಮಿಕ ಹಂತದ ಕಲಿಕಾ ಫಲಗಳ ದಾಖಲೆ ಹೊರತಂದ ಮೇಲೆ ಅದು ಕರ್ನಾಟಕದ ಶಿಕ್ಷಕರೆಲ್ಲರ ಬಾಯಿಗೆ ಬಂತು.

ಕಾಲೇಜಿನ ಆವರಣದಲ್ಲಿ ಓಡಾಡುವ ಪದಗಳು ಇಂಗ್ಲಿಷಿನ ಮೊದಲಕ್ಷರಗಳು. ಒಂದು ಕೋರ್ಸಿನ ಫಲಿತ ‘ಸಿಒ’. ಮೂರು ಅಥವಾ ನಾಲ್ಕು ವರ್ಷದ ಇಡೀ ಪದವಿಯ ಫಲಿತ ‘ಪಿಒ’. ಆಯಾ ವಿಭಾಗಕ್ಕೇ ವಿಶಿಷ್ಟವಾದದ್ದು ‘ಪಿಎಸ್‌ಒ’. ಪದವಿ ಪಡೆದು ಕೆಲವು ವರ್ಷವಾದ ಮೇಲೆ ಪದವೀಧರರು ಎಲ್ಲಿರಬೇಕೆಂಬುದು ‘ಪಿಇಒ’. ಸಿಒಗಳಲ್ಲಿ ಯಾವುದು ಯಾವ ಪಿಒಗೆ ಎಷ್ಟು ನೆರವಾಗುತ್ತದೆಂದು 1, 2, 3 ಎಂಬ ಅಂಕಿಗಳಲ್ಲಿ ತೋರಿಸುವ ಕೋಷ್ಟಕಕ್ಕೆ ‘ಸಿಒ-ಪಿಒ ಮ್ಯಾಪಿಂಗ್’ ಎನ್ನುತ್ತಾರೆ. ತರಗತಿಯ ನಿತ್ಯದ ಕೆಲಸಕ್ಕೆ ಬೇಕಾದದ್ದು ಮೊದಲನೆಯದಾದ ಸಿಒ ಮಾತ್ರ. ಉಳಿದವು ಬಹುಪಾಲು ವಿಭಾಗದ ಕಡತಗಳಿಗೆ ಸಂಬಂಧಿಸಿದವು.

ಫಲಿತವನ್ನು ಹೇಳಲು ಕನ್ನಡಕ್ಕೆ ಒಂದು ಅನುಕೂಲವಿದೆ. ‘ಬಲ್ಲೆ’ ಎಂದರೆ ತಿಳಿದಿದ್ದೇನೆ ಎಂದೂ ಹೌದು; ‘ಮಾಡಬಲ್ಲೆ’, ‘ಬಿಡಿಸಬಲ್ಲೆ’ ಎಂಬಲ್ಲಿ ಅದೇ ಧಾತು ಶಕ್ತಿಯನ್ನು ಹೇಳುತ್ತದೆ. ತಿಳಿವನ್ನೂ ಮಾಡುವ ಕಸುವನ್ನೂ ಒಂದೇ ಮಾತಿನಲ್ಲಿ ಹಿಡಿಯುವ ಈ ರೂಪ ಫಲಿತ ವಾಕ್ಯದ ಕೊನೆಗೆ ಸಹಜವಾಗಿ ಕೂರುತ್ತದೆ.

ಹಿನ್ನೆಲೆ

ಓದುವವನಿಗೆ ಓದಿನ ಪ್ರಯೋಜನವನ್ನು ಮೊದಲೇ ಹೇಳಬೇಕೆಂಬ ವಿಚಾರ ಭಾರತೀಯ ಶಾಸ್ತ್ರಗ್ರಂಥಗಳಿಗೆ ಹೊಸದಲ್ಲ. ಗ್ರಂಥದ ಆರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ತಿಳಿಸುವ ಪದ್ಧತಿಗೆ ಅನುಬಂಧ ಚತುಷ್ಟಯ ಎಂದು ಹೆಸರು. ಇಂದಿನ ಪಠ್ಯಕ್ರಮದ ಹಾಳೆಯಲ್ಲಿ ಕಾಣುವ ‘ಈ ಕೋರ್ಸಿಗೆ ಮೊದಲು ತಿಳಿದಿರಬೇಕಾದದ್ದು’ ಎಂಬ ಭಾಗ ಅಧಿಕಾರಿಗೂ, ‘ಕೋರ್ಸಿನ ಫಲಿತ’ ಎಂಬ ಭಾಗ ಪ್ರಯೋಜನಕ್ಕೂ ಹತ್ತಿರವಾದದ್ದು. ಆದರೂ ಈಗಿನ ಕ್ರಮ ಅದರಿಂದ ಬೆಳೆದು ಬಂದದ್ದಲ್ಲ. ಅದರ ಬೇರು 20ನೆಯ ಶತಮಾನದ ಅಮೆರಿಕದಲ್ಲಿದೆ.

ರಾಲ್ಫ್ ಟೈಲರ್ 1949ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಪಠ್ಯಕ್ರಮ ರಚನೆಯ ಮೊದಲ ಪ್ರಶ್ನೆಯೇ ಉದ್ದೇಶ ಯಾವುದು ಎಂಬುದು. ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಜ್ಞಾನಾತ್ಮಕ ವಲಯದ ಉದ್ದೇಶಗಳನ್ನು ಆರು ಮೆಟ್ಟಿಲುಗಳಾಗಿ ವಿಂಗಡಿಸಿದರು. ಆಂಡರ್ಸನ್ ಮತ್ತು ಕ್ರಾಥ್‌ವೋಲ್ 2001ರಲ್ಲಿ ಅದನ್ನು ಪರಿಷ್ಕರಿಸಿ, ನೆನಪಿಡು, ಅರ್ಥಮಾಡಿಕೊ, ಅನ್ವಯಿಸು, ವಿಶ್ಲೇಷಿಸು, ಮೌಲ್ಯ ಕಟ್ಟು, ರಚಿಸು ಎಂದು ಕ್ರಿಯಾಪದಗಳ ರೂಪಕ್ಕೆ ತಂದರು. ಉದ್ದೇಶವನ್ನು ಕಣ್ಣಿಗೆ ಕಾಣುವ ಕ್ರಿಯೆಯಾಗಿ ಬರೆಯಬೇಕೆಂಬ ನಿಯಮವನ್ನು 1962ರಲ್ಲಿ ರಾಬರ್ಟ್ ಮೇಗರ್ ಪ್ರಚಾರಕ್ಕೆ ತಂದರು. ಇವರೆಲ್ಲರ ಗಮನ ಇದ್ದದ್ದು ಉದ್ದೇಶವನ್ನು ಬರೆಯುವುದರ ಮೇಲೆ.

ಬರೆದದ್ದನ್ನು ಕಲಿಯುವವರಿಗೆ ಹೇಳಬೇಕು ಎಂಬುದಕ್ಕೆ ಒತ್ತು ಬಂದದ್ದು ರಾಬರ್ಟ್ ಗಾನ್ಯೆಯವರಿಂದ. 1965ರಲ್ಲಿ ಕಲಿಕೆಯ ಸ್ಥಿತಿಗತಿಗಳ ಕುರಿತು ಗ್ರಂಥ ಬರೆದ ಅವರು ರೂಪಿಸಿದ ಬೋಧನೆಯ ಒಂಬತ್ತು ಘಟನೆಗಳಲ್ಲಿ ಎರಡನೆಯದೇ ಕಲಿಯುವವರಿಗೆ ಉದ್ದೇಶವನ್ನು ತಿಳಿಸುವುದು. ಆಸ್ಟ್ರೇಲಿಯದ ರಾಯ್ಸ್ ಸ್ಯಾಡ್ಲರ್ 1989ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ತಲುಪಬೇಕಾದ ಮಟ್ಟ ಯಾವುದು, ತಾನಿರುವ ಮಟ್ಟ ಯಾವುದು, ನಡುವಿನ ಅಂತರವನ್ನು ಮುಚ್ಚುವುದು ಹೇಗೆ ಎಂಬ ಮೂರನ್ನೂ ವಿದ್ಯಾರ್ಥಿಯೇ ಅರಿತಾಗ ಮಾತ್ರ ಅಧ್ಯಾಪಕರ ತಿದ್ದುಪಡಿ ಫಲ ಕೊಡುತ್ತದೆ ಎಂಬುದು ಅವರ ಪ್ರತಿಪಾದನೆ. ಜಾನ್ ಬಿಗ್ಸ್ 1996ರಲ್ಲಿ ಗುರಿ, ಬೋಧನೆ, ಪರೀಕ್ಷೆ ಮೂರೂ ಒಂದೇ ಎಳೆಯಲ್ಲಿರಬೇಕೆಂಬ ಸಿದ್ಧಾಂತವನ್ನು ಮಂಡಿಸಿದರು. ಸೆಮಿಸ್ಟರಿನ ನಡುವೆಯೂ ಗುರಿಗಳನ್ನು ಮತ್ತೆ ಮತ್ತೆ ಹೇಳಬೇಕು ಎಂಬುದಕ್ಕೆ ಆಧಾರ ಈ ಇಬ್ಬರ ವಿಚಾರಗಳಲ್ಲಿದೆ.

ಭಾರತಕ್ಕೂ ಕರ್ನಾಟಕಕ್ಕೂ ಬಂದದ್ದು

ಬ್ಲೂಮ್ 1957ರಲ್ಲಿ ಭಾರತಕ್ಕೆ ಬಂದು ಮೌಲ್ಯಮಾಪನದ ಕುರಿತು ಕಾರ್ಯಾಗಾರಗಳನ್ನು ನಡೆಸಿದರು. ಮಾಧ್ಯಮಿಕ ಶಿಕ್ಷಣದ ಪರೀಕ್ಷಾ ಸುಧಾರಣೆ ಅಲ್ಲಿಂದ ವೇಗ ಪಡೆಯಿತು. ಮೈಸೂರಿನಲ್ಲಿ 1963ರಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಕಾಲೇಜು ಮತ್ತು ರಾಜ್ಯದ ಬಿ.ಎಡ್. ಕಾಲೇಜುಗಳ ಮೂಲಕ ಬೋಧನೋದ್ದೇಶ, ಪಾಠ ಯೋಜನೆ, ಪ್ರಶ್ನೆಪತ್ರಿಕೆಯ ನೀಲನಕ್ಷೆ ಎಂಬ ಪದಗಳು ಶಾಲಾ ಶಿಕ್ಷಕರಿಗೆ ಪರಿಚಿತವಾದವು. ಪದವಿ ಕಾಲೇಜುಗಳ ಕಥೆ ಬೇರೆ. ಅಲ್ಲಿನ ಅಧ್ಯಾಪಕ ಹುದ್ದೆಗೆ ಸ್ನಾತಕೋತ್ತರ ಪದವಿಯ ಜೊತೆ ನೆಟ್, ಕೆ-ಸೆಟ್ ಅಥವಾ ಪಿಎಚ್‌.ಡಿ. ಬೇಕೇ ಹೊರತು ಬಿ.ಎಡ್. ಬೇಕಿಲ್ಲ. ಆದ್ದರಿಂದ ಹೈಸ್ಕೂಲು ಮೇಷ್ಟರಿಗೆ ದಶಕಗಳಿಂದ ಗೊತ್ತಿದ್ದ ಈ ಕ್ರಮ ಕಾಲೇಜಿನ ಅಧ್ಯಾಪಕರಿಗೆ ಬಹಳ ತಡವಾಗಿ, ಅದೂ ಮಾನ್ಯತೆಯ ಹಾದಿಯಿಂದ ಬಂತು. ಈ ಹಿನ್ನೆಲೆಯನ್ನು ಬಿಟ್ಟರೆ ಇಂದಿನ ಸ್ಥಿತಿ ಅರ್ಥವಾಗುವುದಿಲ್ಲ.

ರಾಷ್ಟ್ರೀಯ ಮಾನ್ಯತಾ ಮಂಡಳಿಯನ್ನು (ಎನ್‌ಬಿಎ) ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು (ಎಐಸಿಟಿಇ) 1994ರಲ್ಲಿ ಸ್ಥಾಪಿಸಿತು. 2010ರಲ್ಲಿ ಅದು ಸ್ವಾಯತ್ತ ಸಂಸ್ಥೆಯಾಯಿತು. ಎಂಜಿನಿಯರಿಂಗ್ ಪದವಿಗಳನ್ನು ದೇಶ ದೇಶಗಳು ಪರಸ್ಪರ ಒಪ್ಪಿಕೊಳ್ಳುವ, 1989ರಲ್ಲಿ ಆದ ವಾಷಿಂಗ್ಟನ್ ಒಪ್ಪಂದಕ್ಕೆ ಭಾರತ 2014ರ ಜೂನ್‌ನಲ್ಲಿ ಪೂರ್ಣ ಸದಸ್ಯನಾಗಿ ಸೇರಿತು. ಪದವೀಧರರು ಏನು ಮಾಡಬಲ್ಲರು ಎಂಬುದನ್ನು ತೋರಿಸುವುದು ಒಪ್ಪಂದದ ತಿರುಳಾದ್ದರಿಂದ, ಅದುವರೆಗೆ ಕಟ್ಟಡ, ಪ್ರಯೋಗಾಲಯ, ಸಿಬ್ಬಂದಿ ಎಣಿಸುತ್ತಿದ್ದ ತಪಾಸಣೆ ಫಲಿತಗಳ ಕಡೆಗೆ ತಿರುಗಿತು. ಸ್ವಾಯತ್ತ ಕಾಲೇಜು ಮತ್ತು ವಿಶ್ವವಿದ್ಯಾಲಯಗಳದು ಮೊದಲ ಶ್ರೇಣಿ, ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾದ ಕಾಲೇಜುಗಳದು ಎರಡನೆಯ ಶ್ರೇಣಿ. ಅಂತಾರಾಷ್ಟ್ರೀಯ ಮನ್ನಣೆ ಮೊದಲನೆಯದಕ್ಕೆ ಮಾತ್ರ ಸಲ್ಲುತ್ತದೆ. ಸಿಒ-ಪಿಒಗಳ ಕೆಲಸವಂತೂ ಎರಡಕ್ಕೂ ಕಡ್ಡಾಯ.

1994ರಲ್ಲೇ ಹುಟ್ಟಿದ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಪರಿಷತ್ತು (ನ್ಯಾಕ್) ಕಲೆ, ವಿಜ್ಞಾನ, ವಾಣಿಜ್ಯ ಕಾಲೇಜುಗಳನ್ನೂ ಈ ದಾರಿಗೆ ತಂದಿತು. ಕಾರ್ಯಕ್ರಮ ಮತ್ತು ಕೋರ್ಸುಗಳ ಫಲಿತಗಳನ್ನು ಕಾಲೇಜಿನ ಜಾಲತಾಣದಲ್ಲಿ ಹಾಕಿ, ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ತಿಳಿಸಿರಬೇಕು ಎಂಬುದು ಅದರ ಮಾನದಂಡಗಳಲ್ಲಿ 2.6.1 ಎಂಬ ಸಂಖ್ಯೆಯ ಅಂಶ. ತಿಳಿಸುವುದನ್ನು ಹೆಸರಿಸಿ ಕೇಳಿದ ನಿಯಮ ಇದು. ಎಐಸಿಟಿಇ 2018ರಲ್ಲಿ ಹೊರತಂದ ಪರೀಕ್ಷಾ ಸುಧಾರಣಾ ನೀತಿ ಪ್ರಶ್ನೆಪತ್ರಿಕೆಯ ಪ್ರತಿ ಪ್ರಶ್ನೆಯನ್ನೂ ಫಲಿತಕ್ಕೆ ಜೋಡಿಸುವ ವಿಧಾನವನ್ನು ಉದಾಹರಣೆ ಸಮೇತ ಕೊಟ್ಟಿತು. ಅದನ್ನು ಸಿದ್ಧಪಡಿಸಿದವರಲ್ಲಿ ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯದ ಅಶೋಕ ಶೆಟ್ಟರ್ ಒಬ್ಬರು.

ಗುರಿವಾಕ್ಯದ ರಚನೆ

ಒಂದು ಒಳ್ಳೆಯ ಗುರಿವಾಕ್ಯದಲ್ಲಿ ಕ್ರಿಯೆ, ಆ ಕ್ರಿಯೆ ನಡೆಯುವ ವಿಷಯ, ಅದು ನಡೆಯಬೇಕಾದ ಸಂದರ್ಭ ಅಥವಾ ಮಟ್ಟ ಇರುತ್ತವೆ. ‘ತೊಲೆಗಳ ಬಗ್ಗೆ ತಿಳಿವಳಿಕೆ ಪಡೆಯುವುದು’ ಎಂಬುದು ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಏನನ್ನೂ ಹೇಳದು. ‘ಎರಡು ತುದಿಗಳಲ್ಲಿ ಸರಳ ಆಧಾರವಿರುವ ತೊಲೆಯ ಮೇಲೆ ಬಿಂದು ಭಾರ ಅಥವಾ ಸಮನಾಗಿ ಹರಡಿದ ಭಾರ ಬಿದ್ದಾಗ ಶಿಯರ್ ಫೋರ್ಸ್ ಮತ್ತು ಬೆಂಡಿಂಗ್ ಮೊಮೆಂಟ್ ಚಿತ್ರಗಳನ್ನು ಬರೆದು ಗರಿಷ್ಠ ಮೌಲ್ಯಗಳನ್ನು ಲೆಕ್ಕ ಹಾಕಬಲ್ಲರು’ ಎಂಬುದು ಹೇಳುತ್ತದೆ. ಇದನ್ನು ಓದಿದ ವಿದ್ಯಾರ್ಥಿ ಆರು ಮೀಟರ್ ಉದ್ದದ ತೊಲೆಗೆ ಮೀಟರಿಗೆ 10 ಕಿಲೋನ್ಯೂಟನ್ ಭಾರವಿಟ್ಟು, ನಟ್ಟನಡುವೆ 45 ಕಿಲೋನ್ಯೂಟನ್-ಮೀಟರ್ ಬರುತ್ತದೆಯೇ ಎಂದು ಮನೆಯಲ್ಲೇ ಪರೀಕ್ಷಿಸಿಕೊಳ್ಳಬಹುದು. ಗುರಿವಾಕ್ಯ ಸರಿಯಾಗಿದೆಯೇ ಎಂದು ನೋಡುವ ಒರೆಗಲ್ಲೂ ಅದೇ: ಅದನ್ನಷ್ಟೇ ಓದಿಕೊಂಡು ವಿದ್ಯಾರ್ಥಿ ತನಗೆ ತಾನೇ ಒಂದು ಪ್ರಶ್ನೆ ಹಾಕಿಕೊಳ್ಳಬಲ್ಲನೇ?

ಕನ್ನಡ ಐಚ್ಛಿಕ ತರಗತಿಯಲ್ಲೂ ಹೀಗೆಯೇ. ‘ಛಂದಸ್ಸಿನ ಪರಿಚಯ’ ಎಂಬುದು ಪಾಠದ ಹೆಸರು. ‘ಕೊಟ್ಟ ಕಂದಪದ್ಯಕ್ಕೆ ಪ್ರಸ್ತಾರ ಹಾಕಿ, ನಾಲ್ಕು ಮಾತ್ರೆಯ ಗಣಗಳಾಗಿ ವಿಂಗಡಿಸಿ, ಒಂದು ಮತ್ತು ಮೂರನೆಯ ಪಾದಗಳಲ್ಲಿ ಮೂರು ಗಣ, ಎರಡು ಮತ್ತು ನಾಲ್ಕನೆಯ ಪಾದಗಳಲ್ಲಿ ಐದು ಗಣ ಇರುವುದನ್ನು ತೋರಿಸಬಲ್ಲರು’ ಎಂಬುದು ಫಲಿತ. ಇಡೀ ಪದ್ಯಕ್ಕೆ 64 ಮಾತ್ರೆ ಬಾರದಿದ್ದರೆ ಎಲ್ಲೋ ತಪ್ಪಿದೆಯೆಂದು ವಿದ್ಯಾರ್ಥಿಗೇ ತಿಳಿಯುತ್ತದೆ. ಸಾಹಿತ್ಯದ ಎಲ್ಲ ಗುರಿಗಳೂ ಇಷ್ಟು ಸುಲಭವಾಗಿ ಎಣಿಕೆಗೆ ಸಿಗುವುದಿಲ್ಲ. ‘ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ’ ಎಂಬ ನಮ್ಮ ಹಳೆಯ ಪ್ರಶ್ನೆ ವಿಶ್ಲೇಷಣೆಯನ್ನೂ ರಸಾಸ್ವಾದನೆಯನ್ನೂ ಒಟ್ಟಿಗೆ ಕೇಳುತ್ತದೆ. ಬ್ಲೂಮ್‌ರ ಆರು ಮೆಟ್ಟಿಲುಗಳಲ್ಲಿ ಯಾವುದೊಂದರ ಮೇಲೂ ಅದು ಪೂರ್ತಿ ನಿಲ್ಲುವುದಿಲ್ಲ.

ಒಂದು ಕೋರ್ಸಿಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ಸಿಒಗಳಿರುತ್ತವೆ. ಐದು ಮಾಡ್ಯೂಲಿನ ಪಠ್ಯಕ್ರಮದಲ್ಲಿ ಮಾಡ್ಯೂಲಿಗೊಂದರಂತೆ ಐದು ಬರೆಯುವುದು ಹೆಚ್ಚು ಕಾಣುವ ರೂಢಿ. ಇದು ಅನುಕೂಲಕರ. ಆದರೆ ಎರಡು ಮೂರು ಮಾಡ್ಯೂಲುಗಳನ್ನು ಸೇರಿಸಿ ಮಾಡಬೇಕಾದ ಕೆಲಸ, ಅಂದರೆ ಕೋರ್ಸಿನ ನಿಜವಾದ ಪ್ರಯೋಜನ, ಇಂಥ ಪಟ್ಟಿಯಲ್ಲಿ ಬಿಟ್ಟುಹೋಗುತ್ತದೆ.

ತಿಳಿಸುವ ಹೊತ್ತು ಮತ್ತು ಬಗೆ

ಗುರಿಗಳನ್ನು ತಿಳಿಸುವುದು ಮೊದಲ ತರಗತಿಯ ಕೆಲಸ ಎಂಬುದು ರೂಢಿಯ ತಿಳಿವಳಿಕೆ. ಲೆಸನ್ ಪ್ಲಾನ್, ಅಂಕ ಹಂಚಿಕೆ, ಪುಸ್ತಕಗಳ ಪಟ್ಟಿಯ ಜೊತೆ ಸಿಒಗಳನ್ನೂ ಪರದೆಯ ಮೇಲೆ ತೋರಿಸಿ ಅಧ್ಯಾಪಕರು ಮುಂದೆ ಹೋಗುತ್ತಾರೆ. ಆ ದಿನ ವಿದ್ಯಾರ್ಥಿಗೆ ಗುರಿವಾಕ್ಯದ ಪದಗಳೇ ಗೊತ್ತಿರುವುದಿಲ್ಲ. ಬೆಂಡಿಂಗ್ ಮೊಮೆಂಟ್ ಏನೆಂದೇ ತಿಳಿಯದವರಿಗೆ ಅದರ ಚಿತ್ರ ಬರೆಯಬಲ್ಲಿರಿ ಎಂದರೆ ಆ ಮಾತು ಕಿವಿಗೆ ಬಿದ್ದಷ್ಟೇ ಆಯಿತು. ಆದ್ದರಿಂದ ಮೊದಲ ದಿನ ಹೇಳಿದ್ದನ್ನು ಸೆಮಿಸ್ಟರಿನ ನಡುವೆ, ವಿಷಯದ ಪರಿಚಯವಾದ ಮೇಲೆ, ಮತ್ತೆ ಹೇಳುವುದು ಈ ಕ್ರಮದ ಜೀವಾಳ.

ನಡುವೆ ತಿಳಿಸಲು ಹಲವು ಸಂದರ್ಭಗಳಿವೆ. ಮಾಡ್ಯೂಲ್ ಆರಂಭವಾದಾಗ ಅದಕ್ಕೆ ಸೇರಿದ ಸಿಒವನ್ನು ಬೋರ್ಡಿನ ಮೂಲೆಯಲ್ಲಿ ಬರೆದು, ಮಾಡ್ಯೂಲ್ ಮುಗಿಯುವವರೆಗೆ ಅಳಿಸದೆ ಬಿಡುವುದು ಸರಳ ವಿಧಾನ. ಪ್ರತಿ ತರಗತಿಯ ಆರಂಭದಲ್ಲಿ ಆ ದಿನದ ಒಂದು ಚಿಕ್ಕ ಗುರಿಯನ್ನು ಹೇಳುವುದು ಇನ್ನೊಂದು. ಇಂಟರ್ನಲ್ಸ್‌ಗೆ ಒಂದು ವಾರ ಮೊದಲು ಸಿಒಗಳನ್ನು ಪ್ರಶ್ನೆಗಳ ರೂಪಕ್ಕೆ ತಿರುಗಿಸಿ ಕೊಟ್ಟು, ಪ್ರತಿಯೊಂದರ ಎದುರೂ ‘ಬರುತ್ತದೆ, ಅರ್ಧ ಬರುತ್ತದೆ, ಬರುವುದಿಲ್ಲ’ ಎಂದು ವಿದ್ಯಾರ್ಥಿಗಳೇ ಗುರುತು ಹಾಕುವಂತೆ ಮಾಡುವುದು ಸ್ಯಾಡ್ಲರ್ ಹೇಳಿದ ಅಂತರವನ್ನು ಕಣ್ಣಿಗೆ ಕಾಣಿಸುತ್ತದೆ. ತರಗತಿಯ ಕೊನೆಯ ನಿಮಿಷದಲ್ಲಿ ಚೀಟಿಯ ಮೇಲೆ ತಿಳಿದದ್ದೊಂದು, ತಿಳಿಯದ್ದೊಂದು ಬರೆಸಿಕೊಳ್ಳುವ ವಿಧಾನವನ್ನು ಏಂಜೆಲೊ ಮತ್ತು ಕ್ರಾಸ್ 1993ರ ತಮ್ಮ ಕೈಪಿಡಿಯಲ್ಲಿ ವಿವರಿಸಿದ್ದಾರೆ. ಗುರಿ ತಲುಪಿದೆಯೇ ಎಂಬುದನ್ನು ಅಧ್ಯಾಪಕರಿಗೆ ಅತಿ ಬೇಗ ತಿಳಿಸುವುದು ಈ ಚೀಟಿಯೇ.

ಎಲ್ಲಕ್ಕಿಂತ ಬೆಲೆಯುಳ್ಳದ್ದು, ಎಲ್ಲಕ್ಕಿಂತ ಕಡಿಮೆ ನಡೆಯುವುದು, ಟೆಸ್ಟ್ ಪುಸ್ತಕ ಹಿಂತಿರುಗಿಸುವಾಗಿನ ಮಾತು. ‘ಇಪ್ಪತ್ತೈದಕ್ಕೆ ಹದಿಮೂರು’ ಎಂಬ ಅಂಕ ಯಾವ ಗುರಿ ತಲುಪಿತು, ಯಾವುದು ಬಾಕಿ ಉಳಿಯಿತು ಎಂದು ಹೇಳುವುದಿಲ್ಲ. ಪ್ರಶ್ನೆವಾರು ಅಂಕವನ್ನು ಸಿಒವಾರು ಕೂಡಿಸಿ ಹೇಳಿದರೆ ವಿದ್ಯಾರ್ಥಿ ಮುಂದಿನ ಟೆಸ್ಟಿಗೆ ಏನನ್ನು ಓದಬೇಕೆಂದು ತಿಳಿಯುತ್ತಾನೆ. ಈ ಕೂಡಿಕೆಯನ್ನು ಕಾಲೇಜುಗಳು ಹೇಗೂ ಮಾನ್ಯತೆಗಾಗಿ ಮಾಡುತ್ತವೆ; ಲೆಕ್ಕ ಸಿದ್ಧವಿದ್ದರೂ ಅದು ವಿದ್ಯಾರ್ಥಿಯ ಕೈಗೆ ಬರುವುದು ಅಪರೂಪ.

ಗುರಿಯನ್ನು ಮೊದಲೇ ಹೇಳಬಾರದ ಪಾಠಗಳೂ ಇವೆ. ಪ್ರಯೋಗದಿಂದ ವಿದ್ಯಾರ್ಥಿಗಳೇ ನಿಯಮವೊಂದನ್ನು ಕಂಡುಕೊಳ್ಳಬೇಕಾದ ತರಗತಿಯಲ್ಲಿ ಉತ್ತರವನ್ನೇ ಗುರಿಯಾಗಿ ಬರೆದರೆ ಪಾಠ ಕೆಡುತ್ತದೆ. ಅಂಥಲ್ಲಿ ಪ್ರಶ್ನೆಯನ್ನು ಮುಂದಿಟ್ಟು, ಗುರಿಯನ್ನು ಕೊನೆಗೆ ಹೇಳುವುದು ರೂಢಿ.

ಸವಳಂಗ ರಸ್ತೆ ಮತ್ತು ಭದ್ರಾವತಿ

ಶಿವಮೊಗ್ಗದಿಂದ ನವುಲೆ, ಅಬ್ಬಲಗೆರೆಗಳ ಮೇಲೆ ದಾವಣಗೆರೆ ಜಿಲ್ಲೆಯ ಸವಳಂಗಕ್ಕೆ ಹೋಗುವ ರಸ್ತೆಯಲ್ಲಿ, ನವುಲೆಯಲ್ಲಿ, ಜವಾಹರಲಾಲ್ ನೆಹರು ನ್ಯೂ ಎಂಜಿನಿಯರಿಂಗ್ ಕಾಲೇಜು ಇದೆ. 1946ರಲ್ಲಿ ಆರಂಭವಾದ ರಾಷ್ಟ್ರೀಯ ಶಿಕ್ಷಣ ಸಮಿತಿ ಇದನ್ನು 1980ರಲ್ಲಿ ಸ್ಥಾಪಿಸಿತು. ಕಾಲೇಜು ಮೊದಲು ಮೈಸೂರು ವಿಶ್ವವಿದ್ಯಾಲಯದ, 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಅದರ, 1998ರಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಬಂದ ಮೇಲೆ ಅದರ ವ್ಯಾಪ್ತಿಗೆ ಸೇರಿತು.

ವಿಟಿಯುವಿನ 2022ರ ಸ್ಕೀಮಿನಲ್ಲಿ ಮೂರು ಕ್ರೆಡಿಟಿನ ಥಿಯರಿ ಕೋರ್ಸಿಗೆ 40 ಗಂಟೆ, ಐದು ಮಾಡ್ಯೂಲು. ಪಠ್ಯಕ್ರಮದ ಹಾಳೆ ಉದ್ದೇಶಗಳಿಂದ ಆರಂಭವಾಗುತ್ತದೆ; ಮಾಡ್ಯೂಲುಗಳು ಮುಗಿದ ಮೇಲೆ ಫಲಿತಗಳು ಬರುತ್ತವೆ. ನಿರಂತರ ಮೌಲ್ಯಮಾಪನಕ್ಕೆ 50, ಸೆಮಿಸ್ಟರ್ ಪರೀಕ್ಷೆಗೆ 50 ಅಂಕ. ಪಠ್ಯದ ಶೇ 40ರಿಂದ 50 ಮುಗಿದಾಗ ಮೊದಲ ಟೆಸ್ಟ್, ಶೇ 85ರಿಂದ 90 ಮುಗಿದಾಗ ಎರಡನೆಯದು. ಗುರಿಗಳನ್ನು ಮತ್ತೊಮ್ಮೆ ತರಗತಿಯ ಮುಂದಿಡಲು ಸ್ಕೀಮೇ ಗೊತ್ತುಮಾಡಿಕೊಟ್ಟ ಎರಡು ನಿಲ್ದಾಣಗಳಿವು. ಸೆಮಿಸ್ಟರ್ ಪರೀಕ್ಷೆಯ ಪ್ರಶ್ನೆಪತ್ರಿಕೆಯ ಬಲಬದಿಯಲ್ಲಿ ಪ್ರತಿ ಪ್ರಶ್ನೆಗೂ ಮೂರು ಕಿರಿದಾದ ಕಾಲಮುಗಳಿರುತ್ತವೆ: ಅಂಕ, ಬ್ಲೂಮ್ಸ್ ಲೆವೆಲ್, ಸಿಒ ಸಂಖ್ಯೆ. ‘ಎಲ್3’ ಎಂದರೆ ಅನ್ವಯಿಸುವ ಮೆಟ್ಟಿಲು, ‘ಸಿಒ2’ ಎಂದರೆ ಎರಡನೆಯ ಫಲಿತ. ಸೆಮಿಸ್ಟರಿನ ಉದ್ದಕ್ಕೂ ಗುರಿಗಳನ್ನು ಕೇಳಿದವರಿಗೆ ಆ ಕಾಲಮು ಪ್ರಶ್ನೆ ಎಷ್ಟು ಆಳದ ಉತ್ತರ ಬೇಡುತ್ತಿದೆ ಎಂಬುದರ ಸೂಚನೆ. ಕೇಳದವರಿಗೆ ಅದು ಅಂಕಿಯಷ್ಟೇ.

ಇದೇ ನವುಲೆಯಲ್ಲಿರುವ ಕೃಷಿ ಕಾಲೇಜು 1990ರಲ್ಲಿ ಆರಂಭವಾದದ್ದು. ಈಗ ಅದು 2012ರಲ್ಲಿ ರೂಪುಗೊಂಡ, ಕೆಳದಿ ಶಿವಪ್ಪ ನಾಯಕರ ಹೆಸರಿನ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಇಲ್ಲಿನ ಪಠ್ಯಕ್ರಮ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಡೀನ್‌ಗಳ ಸಮಿತಿಯ ಶಿಫಾರಸಿನಂತೆ ನಡೆಯುತ್ತದೆ. ಕೋರ್ಸಿನ ಮುಂದೆ ‘2+1’ ಎಂದಿದ್ದರೆ ಮೊದಲನೆಯದು ಪಾಠದ ಕ್ರೆಡಿಟ್, ಎರಡನೆಯದು ಪ್ರಾಯೋಗಿಕದ್ದು. ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಹಳ್ಳಿಗಳಲ್ಲಿ ಉಳಿದು ಗ್ರಾಮೀಣ ಕೃಷಿ ಕಾರ್ಯಾನುಭವ ಪಡೆಯುತ್ತಾರೆ. ರೈತರ ಹೊಲದಲ್ಲಿ ಮಣ್ಣಿನ ಮಾದರಿ ತೆಗೆಯುವುದು, ಬೀಜೋಪಚಾರ ಮಾಡಿ ತೋರಿಸುವುದು ಇಂಥ ಕೆಲಸಗಳಲ್ಲಿ ಗುರಿ ಎಂಬುದು ವಾಕ್ಯವಾಗಿರಬೇಕಾಗಿಲ್ಲ. ಮಾಡಿದ್ದು ಕಣ್ಣಿಗೇ ಕಾಣುತ್ತದೆ.

ಡಿಪ್ಲೊಮಾ ಮಟ್ಟದಲ್ಲಿ ರಾಜ್ಯದ ತಾಂತ್ರಿಕ ಶಿಕ್ಷಣ ಇಲಾಖೆಯ ಸಿ-15 ಮತ್ತು ಅದರ ಮುಂದಿನ ಸಿ-20 ಪಠ್ಯಕ್ರಮಗಳು ಫಲಿತಗಳ ಮೇಲೆ ಕಟ್ಟಿದವು. ಭದ್ರಾವತಿಯ ವಿಐಎಸ್‌ಎಸ್‌ಜೆ ಸರ್ಕಾರಿ ಪಾಲಿಟೆಕ್ನಿಕ್ ಸೇರಿದಂತೆ ರಾಜ್ಯದ ಸರ್ಕಾರಿ ಪಾಲಿಟೆಕ್ನಿಕ್‌ಗಳಲ್ಲಿ ಇವೇ ಬಳಕೆಗೆ ಬಂದವು. ಕಬ್ಬಿಣ ಕಾರ್ಖಾನೆಯ ಊರಿನಲ್ಲಿ ಕೈಕೆಲಸದ ಗುರಿಗಳಿಗೆ ವಿವರಣೆ ಬೇಕಾಗುವುದು ಕಡಿಮೆ. ಲೇತಿನಲ್ಲಿ ನಿಗದಿತ ಅಳತೆಗೆ ಕಂಬಿ ತಿರುವುವುದು ಎಂದರೆ ಏನೆಂದು ಅಲ್ಲಿನ ಹುಡುಗರಿಗೆ ಬೇಗ ಅರ್ಥವಾಗುತ್ತದೆ.

ಭದ್ರಾವತಿ ತಾಲೂಕಿನ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಯ ಪದವಿ ಕಾಲೇಜುಗಳಿಗೆ ಫಲಿತಗಳ ಕ್ರಮ ಪೂರ್ಣರೂಪದಲ್ಲಿ ಬಂದದ್ದು 2021-22ರಲ್ಲಿ, ಕರ್ನಾಟಕ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ಹಂತಕ್ಕೆ ತಂದಾಗ. ಆಗ ರಾಜ್ಯ ಉನ್ನತ ಶಿಕ್ಷಣ ಪರಿಷತ್ತು ಕೊಟ್ಟ ಮಾದರಿ ಪಠ್ಯಕ್ರಮಗಳಲ್ಲಿ ಸಿಒಗಳೂ ಮ್ಯಾಪಿಂಗ್ ಕೋಷ್ಟಕವೂ ಇದ್ದವು. 2024ರ ಮೇ ತಿಂಗಳಲ್ಲಿ ರಾಜ್ಯ ಮೂರು ವರ್ಷದ ಪದವಿಗೆ ಮರಳಿತು. ಪಠ್ಯಕ್ರಮಗಳನ್ನು ಮತ್ತೆ ಬರೆಯಬೇಕಾಯಿತು.

ಗುರಿಗಳನ್ನು ಅತಿ ಸೂಕ್ಷ್ಮವಾಗಿ ಬರೆದಿರುವುದು ವೈದ್ಯಕೀಯ ಶಿಕ್ಷಣದಲ್ಲಿ. 2019ರಲ್ಲಿ ಸೇರಿದ ಎಂಬಿಬಿಎಸ್ ತಂಡದಿಂದ ದೇಶದಾದ್ಯಂತ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಜಾರಿಯಾಯಿತು. ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೂ ಅದೇ ಅನ್ವಯ. ಪ್ರತಿ ಸಾಮರ್ಥ್ಯಕ್ಕೂ ಸಂಖ್ಯೆಯಿದೆ. ಅಂಗರಚನಾಶಾಸ್ತ್ರದವು ‘ಎಎನ್’, ಶರೀರಕ್ರಿಯಾಶಾಸ್ತ್ರದವು ‘ಪಿವೈ’ ಎಂದು ಆರಂಭವಾಗುತ್ತವೆ. ತಿಳಿದಿರುವುದು, ಹೇಗೆಂದು ತಿಳಿದಿರುವುದು, ಮಾಡಿ ತೋರಿಸುವುದು, ಸ್ವತಂತ್ರವಾಗಿ ಮಾಡುವುದು ಎಂಬ ನಾಲ್ಕರಲ್ಲಿ ಯಾವ ಮಟ್ಟ ಬೇಕೆಂದು ಅದರ ಎದುರೇ ನಮೂದಾಗಿದೆ. ಎಂಜಿನಿಯರಿಂಗ್‌ನ ಸಿಒಗಳಿಗಿಂತ ಇದು ವಿದ್ಯಾರ್ಥಿಗೆ ನೇರವಾಗಿ ಉಪಯೋಗಕ್ಕೆ ಬರುವ ಪಟ್ಟಿ.

ಉಪಯೋಗಗಳು

ವಿದ್ಯಾರ್ಥಿಗೆ ಗುರಿಗಳು ಓದಿನ ನಕ್ಷೆ. ಅಧ್ಯಾಪಕರಿಗೆ ಅವು ಪಾಠದ ಮಿತಿ. ಏನನ್ನು ಬಿಡಬಹುದು ಎಂಬುದು ಅವುಗಳಿಂದಲೇ ತಿಳಿಯುತ್ತದೆ. ಪ್ರಶ್ನೆಪತ್ರಿಕೆ ತಯಾರಿಸುವವರು ಬೇರೆ, ಪಾಠ ಮಾಡುವವರು ಬೇರೆಯಾಗಿರುವ ಸಂಯೋಜಿತ ಕಾಲೇಜುಗಳ ವ್ಯವಸ್ಥೆಯಲ್ಲಿ ಇಬ್ಬರನ್ನೂ ಕಟ್ಟಿಹಾಕುವ ದಾರವೂ ಇದೇ.

ಆಡಳಿತಕ್ಕೆ ಅವುಗಳ ಉಪಯೋಗ ‘ಅಟೈನ್‌ಮೆಂಟ್’ ಲೆಕ್ಕದಲ್ಲಿ. ಎನ್‌ಬಿಎ ತನ್ನ ಸ್ವಯಂ ಮೌಲ್ಯಮಾಪನ ವರದಿಯ ನಮೂನೆಯಲ್ಲಿ ಕೊಟ್ಟ ಉದಾಹರಣೆಯ ಪ್ರಕಾರ, ನಿಗದಿತ ಅಂಕ ದಾಟಿದವರು ಶೇ 60 ಇದ್ದರೆ ಒಂದನೆಯ ಮಟ್ಟ, 70 ಇದ್ದರೆ ಎರಡನೆಯದು, 80 ಇದ್ದರೆ ಮೂರನೆಯದು. ಅರವತ್ತು ಮಂದಿಯ ತರಗತಿಯಲ್ಲಿ 42 ಮಂದಿ ದಾಟಿದರೆ ಎರಡು, 48 ಮಂದಿ ದಾಟಿದರೆ ಮೂರು. ಅಂಕಗಳಿಂದ ಬಂದದ್ದು ನೇರ ಅಳತೆ. ಸೆಮಿಸ್ಟರಿನ ಕೊನೆಯಲ್ಲಿ ವಿದ್ಯಾರ್ಥಿಗಳಿಂದ ತುಂಬಿಸಿಕೊಳ್ಳುವ ‘ಕೋರ್ಸ್ ಎಂಡ್ ಸರ್ವೆ’ಯಿಂದ ಬಂದದ್ದು ಪರೋಕ್ಷ ಅಳತೆ. ಪ್ರತಿ ಸಿಒ ತಲುಪಿತೇ ಎಂದು ವಿದ್ಯಾರ್ಥಿಯನ್ನು ಕೇಳುವ ಈ ಸರ್ವೆಗೆ ಅರ್ಥ ಬರಬೇಕಾದರೆ ಆ ಸಿಒ ಏನೆಂದು ವಿದ್ಯಾರ್ಥಿಗೆ ಮೊದಲು ತಿಳಿದಿರಬೇಕು.

ಆಕ್ಷೇಪಗಳು

ಅಮೆರಿಕದ ಎಲಿಯಟ್ ಐಸ್ನರ್ 1967ರಲ್ಲೇ ಕಲೆಯಂಥ ವಿಷಯಗಳಲ್ಲಿ ಫಲವನ್ನು ಮೊದಲೇ ಬರೆದಿಡುವುದು ಅಡ್ಡಿಯೂ ಆಗಬಹುದೆಂದು ವಾದಿಸಿದರು. ಬ್ರಿಟನ್ನಿನ ಲಾರೆನ್ಸ್ ಸ್ಟೆನ್‌ಹೌಸ್ 1975ರಲ್ಲಿ, ಹಸೀ ಮತ್ತು ಸ್ಮಿತ್ 2002ರಲ್ಲಿ ಇದೇ ಜಾಡಿನಲ್ಲಿ ಬರೆದರು. ತರಗತಿಯಲ್ಲಿ ಯಾರೂ ಎಣಿಸದ ಒಂದು ಪ್ರಶ್ನೆ ಎದ್ದು ಪಾಠ ಬೇರೆ ದಾರಿ ಹಿಡಿದಾಗ ಆಗುವ ಕಲಿಕೆಗೆ ಪಟ್ಟಿಯಲ್ಲಿ ಜಾಗವಿಲ್ಲ ಎಂಬುದು ಅವರ ಆಕ್ಷೇಪದ ಸಾರ. ಇದು ತಳ್ಳಿಹಾಕುವಂಥದ್ದಲ್ಲ; ಗುರಿಗಳ ಸಂಖ್ಯೆ ಕಡಿಮೆಯಿದ್ದು ಪಾಠಕ್ಕೆ ಬಿಡುವಿರುವ ಕಡೆ ಇದರ ತೀವ್ರತೆ ಕಡಿಮೆಯಾಗುತ್ತದೆ.

ಕರ್ನಾಟಕದಲ್ಲಿ ಕೇಳಿಬರುವ ಆಕ್ಷೇಪ ಬೇರೆ ಬಗೆಯದು. ಕೋರ್ಸ್ ಫೈಲ್, ಮ್ಯಾಪಿಂಗ್, ಅಟೈನ್‌ಮೆಂಟ್ ಹಾಳೆಗಳಿಗೆ ಅಧ್ಯಾಪಕರ ಸಮಯ ಹೋಗುತ್ತದೆ, ತಪಾಸಣಾ ತಂಡ ನೋಡುವುದೂ ಕಡತವನ್ನೇ, ಹೀಗಾಗಿ ಗುರಿಗಳು ವಿದ್ಯಾರ್ಥಿಗಿಂತ ಮೊದಲು ತಂಡವನ್ನು ತಲುಪುತ್ತವೆ ಎಂಬುದು. ದೋಷ ಕ್ರಮದ್ದಲ್ಲ, ಅದು ಬಂದ ಹಾದಿಯದು. ಹೊಸದಾಗಿ ಸೇರುವ ತಾಂತ್ರಿಕ ಅಧ್ಯಾಪಕರಿಗೆ ಎಐಸಿಟಿಇ ರೂಪಿಸಿರುವ ಎಂಟು ಮಾಡ್ಯೂಲುಗಳ ತರಬೇತಿ, ಭಾರತೀಯ ವಿಜ್ಞಾನ ಸಂಸ್ಥೆಯ ಮೂಲಕ ಎನ್.ಜೆ. ರಾವ್ ಮತ್ತು ಕೆ. ರಜನೀಕಾಂತ್ ಅವರು ಎಂಜಿನಿಯರಿಂಗ್ ಬೋಧನೆ ಕುರಿತು ನಡೆಸಿದ ಆನ್‌ಲೈನ್ ಕೋರ್ಸು ಬೋಧನಾ ತರಬೇತಿಯ ಕೊರತೆಯನ್ನು ಸ್ವಲ್ಪ ಮಟ್ಟಿಗೆ ತುಂಬಿವೆ.

ಇಂದಿನ ಸ್ಥಿತಿ

ವಾಷಿಂಗ್ಟನ್ ಒಪ್ಪಂದದ ಪದವೀಧರ ಲಕ್ಷಣಗಳು 2021ರಲ್ಲಿ ಪರಿಷ್ಕೃತವಾದವು. ಅದಕ್ಕನುಗುಣವಾಗಿ ಎನ್‌ಬಿಎ 2024ರಲ್ಲಿ 12 ಪಿಒಗಳನ್ನು 11ಕ್ಕೆ ಇಳಿಸಿತು. ಮ್ಯಾಪಿಂಗ್ ಕೋಷ್ಟಕಗಳನ್ನು ವಿಭಾಗಗಳು ಹೊಸದಾಗಿ ಬರೆಯಬೇಕಾಗಿದೆ.

ಭಾಷೆಯ ಪ್ರಶ್ನೆ ಇನ್ನೂ ಹಾಗೆಯೇ ಇದೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಬಂದ ವಿದ್ಯಾರ್ಥಿಗಳು ಶಿವಮೊಗ್ಗ, ಭದ್ರಾವತಿಗಳ ಎಲ್ಲ ಕಾಲೇಜುಗಳಲ್ಲೂ ಇದ್ದಾರೆ. ವಿವರಿಸು, ಚರ್ಚಿಸು, ವಿಶ್ಲೇಷಿಸು ಎಂಬುದರ ನಡುವಿನ ವ್ಯತ್ಯಾಸ ಅವರಿಗೆ ಕನ್ನಡದಲ್ಲಿ ಗೊತ್ತು. ಅದೇ ವ್ಯತ್ಯಾಸ ಇಂಗ್ಲಿಷ್ ಕ್ರಿಯಾಪದಗಳಲ್ಲಿ ಬಂದಾಗ ಮಸುಕಾಗುತ್ತದೆ. ಎಐಸಿಟಿಇ ಕನ್ನಡಕ್ಕೆ ಅನುವಾದ ಮಾಡಿಸಿರುವ ಎಂಜಿನಿಯರಿಂಗ್ ಪಠ್ಯಪುಸ್ತಕಗಳಲ್ಲಿ ಪ್ರತಿ ಘಟಕವೂ ಅದರ ಫಲಿತಗಳೊಂದಿಗೆ ಆರಂಭವಾಗುತ್ತದೆ. ವಿಟಿಯುವಿನ ಪಠ್ಯಕ್ರಮದಲ್ಲಿ ‘ಸಾಂಸ್ಕೃತಿಕ ಕನ್ನಡ’ ಮತ್ತು ‘ಬಳಕೆ ಕನ್ನಡ’ ಎಂಬ ಎರಡು ಚಿಕ್ಕ ಕಡ್ಡಾಯ ಕೋರ್ಸುಗಳಿವೆ. ಮೊದಲನೆಯದು ಕನ್ನಡ ಬಲ್ಲವರಿಗೆ, ಎರಡನೆಯದು ಬಾರದವರಿಗೆ. ‘ಸಾಂಸ್ಕೃತಿಕ ಕನ್ನಡ’ದ ಉದ್ದೇಶಗಳೂ ಫಲಿತಗಳೂ ಕನ್ನಡದಲ್ಲೇ ಅಚ್ಚಾಗಿವೆ. ಎಂಜಿನಿಯರಿಂಗ್ ವಿಷಯಗಳ ಫಲಿತಗಳು ಇಂಗ್ಲಿಷಿನಲ್ಲೇ ಇವೆ. ಅವನ್ನು ಕನ್ನಡದಲ್ಲಿ ಹೇಳುವ ಕೆಲಸ ಈಗಲೂ ತರಗತಿಯಲ್ಲಿ ಅಧ್ಯಾಪಕರ ಬಾಯಿಮಾತಿನಲ್ಲೇ ನಡೆಯುತ್ತಿದೆ.